ಮಲೆನಾಡಿನ ಕಾಲೇಜಿನಿಂದ ದೂರಸಂಪರ್ಕ ಎಐ ಸಂಶೋಧನೆಗೆ ಸರ್ಕಾರಿ ಅನುದಾನ: ಅರ್ಜಿಗೆ ಮುನ್ನ, ಮಂಜೂರಾದ ನಂತರ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಲೆಕ್ಟ್ರಾನಿಕ್ಸ್ ಅಥವಾ ಕಂಪ್ಯೂಟರ್ ವಿಜ್ಞಾನ ಕಲಿಸುವ ಕಿರಿಯ ಸಹೋದ್ಯೋಗಿಗಳು ನನ್ನ ಬಳಿ ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: ‘ಸರ್, ದೂರಸಂಪರ್ಕದಲ್ಲಿ ಕೃತಕ ಬುದ್ಧಿಮತ್ತೆ ಅಂದರೆ ಹಣವೆಲ್ಲ ಐಐಟಿಗಳಿಗೇ ಹೋಗುತ್ತದೆ, ನಾವು ಅರ್ಜಿ ಹಾಕಿ ಏನು ಪ್ರಯೋಜನ?’ ಪ್ರಯೋಜನವಿದೆ ಎಂದೇ ನಾನು ಉತ್ತರಿಸುತ್ತೇನೆ. ನಮ್ಮ ಭಾಗದ ಪ್ರಸ್ತಾವನೆಗಳು ಬಿದ್ದುಹೋಗುವುದಕ್ಕೆ ನಾನು ಕಂಡ ಮುಖ್ಯ ಕಾರಣವೆಂದರೆ, ಬೇರೆ ಯಾವ ಊರಿನಲ್ಲಿ ಕುಳಿತಾದರೂ ಬರೆಯಬಹುದಾದ ಪ್ರಸ್ತಾವನೆಯನ್ನೇ ನಾವೂ ಬರೆಯುತ್ತೇವೆ. ದೆಹಲಿಯ ಸಮಿತಿಯ ಎದುರು ಅಂಥ ಪ್ರಸ್ತಾವನೆ ಬಂದಾಗ, ಅದೇ ವಿಷಯಕ್ಕೆ ದೊಡ್ಡ ಪ್ರಯೋಗಾಲಯವಿರುವ ಸಂಸ್ಥೆಯನ್ನು ಅವರು ಆರಿಸಿಕೊಳ್ಳುವುದು ಸಹಜ. ಮಲೆನಾಡಿನಲ್ಲಿದ್ದರೆ ಮಾತ್ರ ಮಾಡಬಹುದಾದ ಕೆಲಸವನ್ನು ಮುಂದಿಟ್ಟರೆ ಆ ಹೋಲಿಕೆಗೇ ಎಡೆಯಿರುವುದಿಲ್ಲ. ಮುಂದಿನ ಹಂತಗಳೆಲ್ಲವೂ ಈ ಒಂದು ಮಾತನ್ನು ಆಧರಿಸಿವೆ.

ದೂರಸಂಪರ್ಕ ನಮ್ಮ ನೆಲಕ್ಕೆ ಹೊರಗಿನ ವಿಷಯವೂ ಅಲ್ಲ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ದೇಶದ ಭೂಸ್ಥಿರ ಉಪಗ್ರಹಗಳನ್ನು ನಿಯಂತ್ರಿಸುತ್ತಿದೆ. ಅದೇ ರಸ್ತೆಯಲ್ಲಿರುವ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಆರಂಭವಾಗಿದ್ದು 1960ರಲ್ಲಿ. ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಮಹಾವಿದ್ಯಾಲಯ 1980ರದ್ದು. ಇನ್ನೊಂದು ಸಂಗತಿಯನ್ನೂ ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್ ರೂಪಿಸಿದ 128 ಸಂಪರ್ಕಗಳ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ ಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ನಮ್ಮ ರಾಜ್ಯದ ಕಿತ್ತೂರಿನಲ್ಲಿ. ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ, ಹಳ್ಳಿಯ ಧೂಳು ಮತ್ತು ಸೆಕೆಯ ನಡುವೆ ನಡೆಯಬೇಕೆಂಬ ಶರತ್ತೇ ಅದರ ವಿನ್ಯಾಸದ ತಿರುಳಾಗಿತ್ತು.

ಮೊದಲ ಹಂತ: ನೆಟ್‌ವರ್ಕಿನ ತೊಂದರೆಯನ್ನು ಗುರುತಿಸಿ, ಎಐ ಆಮೇಲೆ ಬರಲಿ

ನನ್ನ ಮೊದಲ ಪ್ರಸ್ತಾವನೆ 5ಜಿ ಜಾಲದಲ್ಲಿ ಸಂಪನ್ಮೂಲ ಹಂಚಿಕೆಗೆ ಡೀಪ್ ಲರ್ನಿಂಗ್ ಬಳಸುವ ಬಗ್ಗೆ ಇತ್ತು. ಪ್ರಯೋಗವೆಲ್ಲ ಕಂಪ್ಯೂಟರ್ ಸಿಮ್ಯುಲೇಶನ್‌ನಲ್ಲೇ ನಡೆಯುವಂತೆ ಯೋಜಿಸಿದ್ದೆ. ಅದು ತಿರಸ್ಕೃತವಾಗಿ ಬಂದಾಗ ಜೊತೆಗಿದ್ದ ಟಿಪ್ಪಣಿಯಲ್ಲಿ ಎರಡು ಪ್ರಶ್ನೆಗಳಿದ್ದವು: ದತ್ತಾಂಶ ಎಲ್ಲಿಂದ ಬರುತ್ತದೆ, ಈ ಕೆಲಸಕ್ಕೆ ಈ ಸಂಸ್ಥೆಯೇ ಏಕೆ? ಆ ದಿನ ಮನಸ್ಸಿಗೆ ನೋವಾಯಿತು, ಆದರೆ ಎರಡೂ ಪ್ರಶ್ನೆಗಳು ನ್ಯಾಯವಾದವೇ ಆಗಿದ್ದವು. ಇಂದಿಗೂ ಯಾರ ಪ್ರಸ್ತಾವನೆಯನ್ನು ಓದಲು ಕೊಟ್ಟರೂ ನಾನು ಆ ಎರಡಕ್ಕೇ ಮೊದಲು ಉತ್ತರ ಹುಡುಕುತ್ತೇನೆ.

ಜೂನ್ ಕೊನೆಯಲ್ಲಿ ಸಕಲೇಶಪುರದಿಂದ ಹಾನುಬಾಳು ಮಾರ್ಗವಾಗಿ ಮೂಡಿಗೆರೆಗೆ ಹೋಗಿ ನೋಡಿ. ಮಳೆ ಜೋರಾದಂತೆ ಫೋನಿನ ಇಂಟರ್ನೆಟ್ ಕುಂಟುತ್ತದೆ, ಮರ ಬಿದ್ದು ಕರೆಂಟು ಹೋದರೆ ಕೆಲವು ಗಂಟೆಗಳ ನಂತರ ಟವರೂ ಮಲಗುತ್ತದೆ, ಗುಡ್ಡ ಜರಿದ ಕಡೆ ಫೈಬರ್ ತುಂಡಾಗುತ್ತದೆ. ಇವು ಮೂರೂ ಬೇರೆ ಬೇರೆ ಸಂಶೋಧನಾ ಪ್ರಶ್ನೆಗಳು.

ಮೊದಲನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ಭಾಗಕ್ಕೆ ಇದಕ್ಕಿಂತ ಹೊಂದುವ ವಿಷಯ ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಫೈಬರ್ ತಲುಪದ ಗುಡ್ಡಗಳ ಟವರುಗಳು ಒಂದಕ್ಕೊಂದು ಮೈಕ್ರೋವೇವ್ ಕೊಂಡಿಗಳಿಂದ ಬೆಸೆದುಕೊಂಡಿರುತ್ತವೆ. ಆವರ್ತನ ಸುಮಾರು 10 ಗಿಗಾಹರ್ಟ್ಸ್ ದಾಟಿದ ಮೇಲೆ ಮಳೆಹನಿಗಳು ಆ ಅಲೆಗಳನ್ನು ಹೀರುವುದೂ ಚದುರಿಸುವುದೂ ಗಣನೀಯವಾಗುತ್ತದೆ. ಮಳೆಯ ಬಿರುಸು ಹೆಚ್ಚಿದಷ್ಟೂ ಸಂಕೇತ ಕ್ಷೀಣಿಸುತ್ತದೆ. ಮುಂದಿನ 10 ನಿಮಿಷದಲ್ಲಿ ಯಾವ ಕೊಂಡಿ ಸೋಲಬಹುದು ಎಂದು ಮೊದಲೇ ಊಹಿಸಿ ದಟ್ಟಣೆಯನ್ನು ಬೇರೆ ದಾರಿಗೆ ತಿರುಗಿಸುವ ಮಾದರಿಯೊಂದನ್ನು ಕಟ್ಟಿದರೆ, ಅದು ದತ್ತಾಂಶದಿಂದಲೇ ಕಲಿಯುವ ಎಐ ವಿಧಾನಕ್ಕೆ, ಅಂದರೆ ಯಂತ್ರಕಲಿಕೆಗೆ, ಹೇಳಿ ಮಾಡಿಸಿದ ಕೆಲಸ. ಇದನ್ನೇ ತಿರುಗಿಸಿದರೆ ಮಳೆಯನ್ನು ಅಳೆಯಲೂ ಬರುತ್ತದೆ. ನೆದರ್ಲೆಂಡ್ಸ್‌ನ ಸಂಶೋಧಕರು ಮೊಬೈಲ್ ಜಾಲದ ಕೊಂಡಿಗಳಲ್ಲಿ ಕ್ಷೀಣಿಸಿದ ಸಂಕೇತಗಳಿಂದಲೇ ಇಡೀ ದೇಶದ ಮಳೆ ನಕ್ಷೆ ತಯಾರಿಸಿ 2013ರಲ್ಲಿ ಪ್ರಕಟಿಸಿದ್ದಾರೆ. ಆದರೆ ಅದು ಸಮತಟ್ಟು ನೆಲ. ಘಟ್ಟದ ಅಂಚಿನಲ್ಲಿ, ಒಂದು ಗುಡ್ಡದಲ್ಲಿ ಸುರಿಯುತ್ತಿದ್ದರೆ ಪಕ್ಕದ ಗುಡ್ಡದಲ್ಲಿ ಬಿಸಿಲಿರುವ ಸೀಮೆಯಲ್ಲಿ, ಅದೇ ಮಾದರಿ ನಡೆಯುತ್ತದೆಯೇ ಎಂಬುದನ್ನು ಇಲ್ಲಿನ ಮಳೆಯಲ್ಲೇ ಪರೀಕ್ಷಿಸಬೇಕು.

ಎರಡನೆಯ ವಿಷಯ ವಿದ್ಯುತ್. ಮೊಬೈಲ್ ಜಾಲದ ವಿದ್ಯುತ್ತಿನ ದೊಡ್ಡ ಪಾಲು ಟವರುಗಳ ರೇಡಿಯೊ ಉಪಕರಣಗಳಿಗೇ ಹೋಗುತ್ತದೆ. ಬ್ಯಾಟರಿಯ ಮೇಲೆ ನಡೆಯುತ್ತಿರುವ ಟವರಿನಲ್ಲಿ ಯಾವ ಹೊತ್ತಿಗೆ ಯಾವ ಬ್ಯಾಂಡನ್ನು (ಆವರ್ತನ ಪಟ್ಟಿಯನ್ನು) ಮಲಗಿಸಿದರೆ ಕರೆಗಳಿಗೆ ಧಕ್ಕೆಯಾಗದೆ ಹೆಚ್ಚು ಹೊತ್ತು ಬಾಳುತ್ತದೆ ಎಂಬುದನ್ನು ಬಳಕೆಯ ಮುನ್ನಂದಾಜಿನಿಂದ ನಿರ್ಧರಿಸಬಹುದು. ಆಲೂರು, ಸಕಲೇಶಪುರ, ಮೂಡಿಗೆರೆ ಕಡೆ ಕಾಡಾನೆ ಎಚ್ಚರಿಕೆಯ ಸಂದೇಶ ಸಿಗ್ನಲ್ ಇಲ್ಲದ ಎಸ್ಟೇಟ್ ಲೈನುಗಳಿಗೆ (ಕಾರ್ಮಿಕರ ಸಾಲುಮನೆಗಳಿಗೆ) ತಲುಪುವುದೂ ನೆಟ್‌ವರ್ಕಿನ ಪ್ರಶ್ನೆಯೇ, ಮತ್ತು ನನ್ನ ಮಟ್ಟಿಗೆ ಅದು ಎಲ್ಲಕ್ಕಿಂತ ತುರ್ತಿನದು. ಅದಕ್ಕೆ 865ರಿಂದ 868 ಮೆಗಾಹರ್ಟ್ಸ್‌ವರೆಗಿನ ಬ್ಯಾಂಡ್ ಒದಗುತ್ತದೆ. ನಿಗದಿತ ಶಕ್ತಿಮಿತಿಯೊಳಗೆ ಅಲ್ಲಿ ಪರವಾನಗಿಯಿಲ್ಲದೆ, ಕಡಿಮೆ ವಿದ್ಯುತ್ತಿನಲ್ಲಿ ದೂರದವರೆಗೆ ಚಿಕ್ಕ ಸಂದೇಶ ಕಳಿಸುವ ಲೋರಾ ಮಾದರಿಯ ಸಾಧನಗಳನ್ನು ನಡೆಸಬಹುದು.

ಎರಡನೆಯ ಹಂತ: ಅರ್ಜಿಗೆ ಮುನ್ನವೇ ಒಂದು ಮಳೆಗಾಲದ ದತ್ತಾಂಶ ಕೂಡಿಡಿ

ಮೊಬೈಲ್ ಕಂಪನಿಯಿಂದ ದತ್ತಾಂಶ ಸಿಗುತ್ತದೆ ಎಂದು ನಂಬಿ ಪ್ರಸ್ತಾವನೆ ಬರೆಯಬೇಡಿ. ಸಿಕ್ಕರೆ ಒಳ್ಳೆಯದು, ಆದರೆ ಲಿಖಿತ ಒಪ್ಪಿಗೆ ಕೈಗೆ ಬರುವವರೆಗೆ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ನಮ್ಮ ಕೈಯಳತೆಯಲ್ಲೇ ಇರುವುದು ಸಾಕಷ್ಟಿದೆ. ಸಾಮಾನ್ಯ ಆಂಡ್ರಾಯ್ಡ್ ಫೋನು ತಾನು ಹಿಡಿಯುತ್ತಿರುವ ಸಂಕೇತದ ಬಲವನ್ನೂ ಗುಣಮಟ್ಟವನ್ನೂ ಸಂಖ್ಯೆಯಲ್ಲಿ ದಾಖಲಿಸಬಲ್ಲದು. ಹತ್ತು ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ, ಬೇಲೂರು, ಅರಕಲಗೂಡು, ಕೊಪ್ಪ, ಕಳಸ ಎಲ್ಲಿಯಾದರೂ ಸರಿ, ಹಳೆಯ ಫೋನೊಂದನ್ನು ಕಿಟಕಿಯ ಬಳಿ ನಿಶ್ಚಿತ ಜಾಗದಲ್ಲಿಟ್ಟು ನಾಲ್ಕು ತಿಂಗಳು ದಾಖಲೆ ಮಾಡಿದರೆ, ಕುಳಿತಲ್ಲೇ ಬರೆದ ಯಾವ ಪ್ರಸ್ತಾವನೆಯಲ್ಲೂ ಇಲ್ಲದ ಒಂದು ರೇಖಾಚಿತ್ರ ನಿಮ್ಮ ಕೈಯಲ್ಲಿರುತ್ತದೆ. ಅದರ ಜೊತೆಗೆ ಹೊಂದಿಸಲು ಮಳೆಯ ದಾಖಲೆ ಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ದೂರಮಾಪನದ ಮಳೆಮಾಪಕಗಳನ್ನು ಅಳವಡಿಸಿದೆ. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಉದ್ದೇಶವನ್ನು ಸ್ಪಷ್ಟವಾಗಿ ಬರೆದು ದತ್ತಾಂಶಕ್ಕಾಗಿ ಮನವಿ ಸಲ್ಲಿಸಿ. ಎಷ್ಟೋ ಕಾಫಿ ಎಸ್ಟೇಟುಗಳಲ್ಲಿ ತಲೆಮಾರುಗಳಿಂದ ಮಳೆ ಪುಸ್ತಕ ಬರೆದಿಡುವ ರೂಢಿಯಿದೆ. ಮಾಲೀಕರನ್ನು ವಿಶ್ವಾಸದಿಂದ ಕೇಳಿದರೆ ಅದೂ ದೊರೆಯುತ್ತದೆ.

ಎರಡು ಎಚ್ಚರಿಕೆಗಳನ್ನು ಇಲ್ಲೇ ಹೇಳಬೇಕು. ಯಾರು ಯಾರಿಗೆ ಕರೆ ಮಾಡಿದರು, ಯಾರು ಎಲ್ಲಿದ್ದರು ಎಂಬಂಥ ವೈಯಕ್ತಿಕ ಮಾಹಿತಿಯ ಗೊಡವೆಗೆ ಹೋಗಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೊಣೆ ಸಂಶೋಧಕರ ಮೇಲೂ ಬರುತ್ತದೆ, ಮತ್ತು ಮೇಲೆ ಹೇಳಿದ ಕೆಲಸಗಳಿಗೆ ಅಂಥ ಮಾಹಿತಿ ಬೇಕಾಗಿಯೂ ಇಲ್ಲ. ಪರವಾನಗಿ ಬೇಕಿರುವ ಬ್ಯಾಂಡಿನಲ್ಲಿ ಸಣ್ಣ ಪ್ರಯೋಗಕ್ಕೂ ಸಂಕೇತ ಹೊರಡಿಸುವಂತಿಲ್ಲ. ದೂರಸಂಪರ್ಕ ಇಲಾಖೆಯಲ್ಲಿ ತರಂಗಾಂತರದ ಪರವಾನಗಿ ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗದ ಪ್ರಾಯೋಗಿಕ ಪರವಾನಗಿಗೆ ಸರಳ ಸಂಚಾರ್ ಪೋರ್ಟಲ್ ಮೂಲಕ ಅರ್ಜಿ ಹಾಕಬೇಕು, ಅದಕ್ಕೆ ತಗಲುವ ಸಮಯವನ್ನೂ ವೇಳಾಪಟ್ಟಿಯಲ್ಲಿ ತೋರಿಸಬೇಕು.

ಮೂರನೆಯ ಹಂತ: ಯಾವ ಬಾಗಿಲು ಯಾವ ಕೆಲಸಕ್ಕೆ ಎಂದು ತಿಳಿಯಿರಿ

ಪತ್ರಿಕೆಗಳಲ್ಲಿ ಸಾವಿರಾರು ಕೋಟಿಗಳ ಸುದ್ದಿ ಓದಿ ಎಲ್ಲವೂ ಅನುದಾನವೇ ಎಂದುಕೊಳ್ಳುವವರು ಬಹಳ. ಒಂದೊಂದು ನಿಧಿಯ ಉದ್ದೇಶ ಒಂದೊಂದು.

ನಮ್ಮ ವಿಷಯಕ್ಕೆ ಅತಿ ಸಮೀಪವಾದದ್ದು ದೂರಸಂಪರ್ಕ ತಂತ್ರಜ್ಞಾನ ಅಭಿವೃದ್ಧಿ ನಿಧಿ, ಅಂದರೆ ಟಿಟಿಡಿಎಫ್. ಇದರ ಮೂಲ ತಿಳಿದಿದ್ದರೆ ಪ್ರಸ್ತಾವನೆಯ ಧಾಟಿ ತಾನಾಗಿ ಹೊಳೆಯುತ್ತದೆ. ಹಳ್ಳಿಗಾಡಿಗೆ ಸಂಪರ್ಕ ಕೊಡುವುದಕ್ಕೆಂದು ದೂರಸಂಪರ್ಕ ಕಂಪನಿಗಳ ಆದಾಯದಿಂದ ಒಂದು ಪಾಲು ಪಡೆಯುವ ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿ 2002ರಿಂದ ಇದೆ. 2023ರ ದೂರಸಂಪರ್ಕ ಕಾಯ್ದೆ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ಹೆಸರಿಟ್ಟಿತು, ನಿಯಮಗಳು 2024ರ ಆಗಸ್ಟ್‌ನಲ್ಲಿ ಬಂದವು. ಆ ನಿಧಿಗೆ ಪ್ರತಿವರ್ಷ ಸಂಗ್ರಹವಾಗುವ ಹಣದ ಶೇ. 5ರಷ್ಟನ್ನು ಸಂಶೋಧನೆ ಮತ್ತು ಅಭಿವೃದ್ಧಿಗೆ ಮೀಸಲಿಟ್ಟು 2022ರ ಅಕ್ಟೋಬರ್ 1ರಂದು ಆರಂಭಿಸಿದ ಯೋಜನೆಯೇ ಟಿಟಿಡಿಎಫ್. ಕಾಲೇಜುಗಳು, ಸ್ಟಾರ್ಟ್‌ಅಪ್‌ಗಳು, ಸಂಶೋಧನಾ ಸಂಸ್ಥೆಗಳು, ದೇಶೀಯ ಕಂಪನಿಗಳು ಒಂಟಿಯಾಗಿ ಅಥವಾ ಕೂಟ ಕಟ್ಟಿಕೊಂಡು ಅರ್ಜಿ ಹಾಕಬಹುದು. ಗ್ರಾಮೀಣ ಅಗತ್ಯಕ್ಕೆ ಹುಟ್ಟಿದ ಹಣವಾದ್ದರಿಂದ, ಸಿಗ್ನಲ್ ಸಿಗದ ಎಸ್ಟೇಟ್ ಲೈನಿನ ಕಾರ್ಮಿಕರಿಗೆ ನಿಮ್ಮ ಕೆಲಸದಿಂದ ಏನಾಗುತ್ತದೆ ಎಂಬ ಮಾತು ಮೊದಲ ಪುಟದಲ್ಲೇ ಬರಬೇಕು. 6ಜಿಗೆ ಸಂಬಂಧಿಸಿದ ಸಂಶೋಧನೆಗೂ ಈ ನಿಧಿಯಿಂದ ಪ್ರಸ್ತಾವನೆಗಳನ್ನು ಆಹ್ವಾನಿಸಲಾಗಿದೆ. ಭಾರತ್ 6ಜಿ ದರ್ಶನ ದಾಖಲೆ ಪ್ರಕಟವಾದದ್ದು 2023ರ ಮಾರ್ಚ್ 22ರಂದು, ಅದನ್ನು ಓದದೆ ಅರ್ಜಿ ಬರೆಯಬೇಡಿ. ಇನ್ನೂ ಕಾಗದದ ಮೇಲೆಯೇ ಇರುವ ಆಲೋಚನೆಗೆ ಈ ಬಾಗಿಲು ಬೇಗ ತೆರೆಯುವುದಿಲ್ಲ. ಮೂಲಮಾದರಿ ಯಾವಾಗ, ಅದನ್ನು ಬಳಸುವವರು ಯಾರು ಎಂದು ಅವರು ಕೇಳಿಯೇ ಕೇಳುತ್ತಾರೆ.

ಮೂಲ ಸಂಶೋಧನೆಗೆ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವಿದೆ. ಹಿಂದಿನ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಯನ್ನು (ಎಸ್‌ಇಆರ್‌ಬಿ) ಒಳಗೊಂಡ ಈ ಪ್ರತಿಷ್ಠಾನದ ಕಾಯ್ದೆ 2024ರ ಫೆಬ್ರವರಿ 5ರಿಂದ ಜಾರಿಯಲ್ಲಿದೆ. ವೃತ್ತಿಯ ಆರಂಭದಲ್ಲಿರುವ, ಕಾಯಂ ಹುದ್ದೆಯಲ್ಲಿರುವ ಅಧ್ಯಾಪಕರು ಪ್ರಧಾನಮಂತ್ರಿ ಆರಂಭಿಕ ವೃತ್ತಿ ಸಂಶೋಧನಾ ಅನುದಾನವನ್ನು ಮೊದಲು ನೋಡಲಿ. ವಯೋಮಿತಿ ಇರುವುದರಿಂದ ತಡ ಮಾಡುವಂತಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಸಂಶೋಧಕರಿಗೆ ಇದೇ ಪ್ರತಿಷ್ಠಾನದಲ್ಲಿ ಪ್ರತ್ಯೇಕ ಅನುದಾನವಿದೆ. ಅದು ನಮ್ಮ ಕಾಲೇಜುಗಳಲ್ಲಿ ಎಷ್ಟೋ ಜನರಿಗೆ ತಿಳಿದೇ ಇಲ್ಲ.

ಇಂಡಿಯಾ ಎಐ ಮಿಷನ್‌ಗೆ ಕೇಂದ್ರ ಸಂಪುಟ 2024ರ ಮಾರ್ಚ್ 7ರಂದು ಒಪ್ಪಿಗೆ ಕೊಟ್ಟಿತು, ಮೊತ್ತ 10,371.92 ಕೋಟಿ ರೂಪಾಯಿ. ನಮಗೆ ಇದರಿಂದ ತಕ್ಷಣ ಒದಗುವುದು ರಿಯಾಯಿತಿ ದರದ ಜಿಪಿಯು (ಎಐ ಲೆಕ್ಕಾಚಾರಕ್ಕೆ ಬಳಸುವ ವೇಗದ ಚಿಪ್) ಗಣಕಶಕ್ತಿ ಮತ್ತು ಎಐಕೋಶ ಎಂಬ ದತ್ತಾಂಶ ಭಂಡಾರ. ಇನ್ನು ಒಂದು ಲಕ್ಷ ಕೋಟಿಯ ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯ ಯೋಜನೆಯ ಬಗ್ಗೆ ಬಹಳ ಮಂದಿ ಕೇಳುತ್ತಾರೆ. 2025ರ ಜುಲೈನಲ್ಲಿ ಒಪ್ಪಿಗೆ ಪಡೆದ ಆ ಯೋಜನೆ ಮುಖ್ಯವಾಗಿ ಖಾಸಗಿ ಉದ್ಯಮಗಳಿಗೆ ಕಡಿಮೆ ಬಡ್ಡಿಯ ದೀರ್ಘಾವಧಿ ಹಣ ಒದಗಿಸುವಂಥದ್ದು. ಅಧ್ಯಾಪಕರೊಬ್ಬರ ಮೂರು ವರ್ಷದ ಯೋಜನೆಗೆ ಅದು ದಾರಿಯಲ್ಲ.

ರಾಜ್ಯದ ಮಟ್ಟದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ವಿದ್ಯಾರ್ಥಿ ಯೋಜನೆಗಳಿಗೆ ನೆರವು ಕೊಡುತ್ತಿದೆ. ಮೊತ್ತ ಕೆಲವೇ ಸಾವಿರ ರೂಪಾಯಿಗಳದ್ದಾದರೂ ಅಂತಿಮ ವರ್ಷದ ತಂಡವೊಂದು ಅದರಲ್ಲಿ ನಾಲ್ಕೈದು ಲೋರಾ ನೋಡ್‌ಗಳನ್ನು (ಅಳೆದು ಸಂದೇಶ ಕಳಿಸುವ ಪುಟ್ಟ ಸಾಧನಗಳನ್ನು) ಮಾಡಿ ತೋಟದಲ್ಲಿಡಬಹುದು, ಅದೇ ಮುಂದಿನ ದೊಡ್ಡ ಅರ್ಜಿಗೆ ಆಧಾರವಾಗುತ್ತದೆ. ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ದೂರದೃಷ್ಟಿ ಸಮೂಹ, ಅಂದರೆ ವಿಜಿಎಸ್‌ಟಿ, ಅಧ್ಯಾಪಕರ ಸಂಶೋಧನೆಗೂ ಪ್ರಯೋಗಾಲಯ ಬಲಪಡಿಸುವುದಕ್ಕೂ ಹಣ ಕೊಡುತ್ತದೆ. ಕೆಲಸ ಸ್ಟಾರ್ಟ್‌ಅಪ್ ರೂಪ ಪಡೆದರೆ ರಾಜ್ಯದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಮೊದಲು ರಾಜ್ಯ, ಆಮೇಲೆ ಅನುಸಂಧಾನ, ಮೂಲಮಾದರಿ ನಿಂತ ಮೇಲೆ ಟಿಟಿಡಿಎಫ್ ಎಂಬ ಕ್ರಮವನ್ನೇ ನಾನು ಹೊಸಬರಿಗೆ ಸೂಚಿಸುತ್ತೇನೆ.

ನಾಲ್ಕನೆಯ ಹಂತ: ಜೊತೆಗಾರರನ್ನು ಹುಡುಕಿ

5ಜಿ ಪ್ರಯೋಗಕ್ಕೆ ಬೇಕಾದ ಉಪಕರಣಗಳನ್ನು ನಾವು ಕೊಳ್ಳುವ ಅಗತ್ಯವಿಲ್ಲ. ಐಐಟಿ ಮದ್ರಾಸ್ ನೇತೃತ್ವದಲ್ಲಿ ಎಂಟು ಸಂಸ್ಥೆಗಳು ಸೇರಿ ಕಟ್ಟಿದ ದೇಶೀಯ 5ಜಿ ಪರೀಕ್ಷಾ ವೇದಿಕೆ 2022ರ ಮೇ 17ರಂದು ಉದ್ಘಾಟನೆಯಾಯಿತು. ಅದರ ಒಂದು ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಹಾಸನದಿಂದ ಬೆಳಿಗ್ಗೆ ಹೊರಟರೆ ಕೆಲಸ ಮುಗಿಸಿ ರಾತ್ರಿಗೆ ಮರಳಬಹುದಾದ ದೂರ. ಬೆಂಗಳೂರಿನಲ್ಲಿ ಸಿ-ಡಾಟ್‌ನ ಕೇಂದ್ರವೂ ಇದೆ, ಬಿಎಸ್‌ಎನ್‌ಎಲ್‌ನ ದೇಶೀಯ 4ಜಿ ಜಾಲಕ್ಕೆ ಉಪಕರಣ ತಯಾರಿಸಿದ ತೇಜಸ್ ನೆಟ್‌ವರ್ಕ್ಸ್ ಕೂಡ ಅಲ್ಲಿಯದೇ. ಇವರ ಬಳಿ ‘ನಮ್ಮನ್ನೂ ಸೇರಿಸಿಕೊಳ್ಳಿ’ ಎಂದು ಬರಿಗೈಯಲ್ಲಿ ಹೋಗಬೇಡಿ. ಒಂದು ಮಳೆಗಾಲದ ದತ್ತಾಂಶ, ನೋಡ್‌ಗಳನ್ನಿಡಲು ಒಪ್ಪಿದ ತೋಟಗಳ ಪಟ್ಟಿ, ಮಳೆಯಲ್ಲೂ ಹೋಗಿ ಬರುವ ವಿದ್ಯಾರ್ಥಿಗಳು ನಿಮ್ಮ ಬಳಿ ಇದ್ದಾಗ ಮಾತುಕತೆ ಸಮಾನರ ನಡುವಿನದಾಗುತ್ತದೆ. ಒಪ್ಪಂದ ಪತ್ರದಲ್ಲಿ ದತ್ತಾಂಶ ಯಾರದ್ದು, ಪೇಟೆಂಟಿನಲ್ಲಿ ಯಾರ ಪಾಲೆಷ್ಟು ಎಂಬುದನ್ನು ಮೊದಲ ದಿನವೇ ಬರೆಸಿಕೊಳ್ಳಿ.

ಐದನೆಯ ಹಂತ: ಪ್ರಸ್ತಾವನೆಯ ತಾಂತ್ರಿಕ ಭಾಗ

ದೂರಸಂಪರ್ಕ ಎಂಬುದು ಮಾನಕಗಳ ಲೋಕ. ನಿಮ್ಮ ಮಾದರಿ ಜಾಲದ ಯಾವ ಭಾಗದಲ್ಲಿ ಕೂರುತ್ತದೆ ಎಂದು ಮಾನಕಗಳ ಭಾಷೆಯಲ್ಲೇ ಹೇಳಬೇಕು. ಯಂತ್ರಕಲಿಕೆಯನ್ನು ಜಾಲದೊಳಗೆ ಅಳವಡಿಸುವ ಚೌಕಟ್ಟನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2019ರಲ್ಲಿ ವೈ.3172 ಎಂಬ ಶಿಫಾರಸಿನಲ್ಲಿ ಕೊಟ್ಟಿದೆ. 5ಜಿಯ ಕೇಂದ್ರಭಾಗದಲ್ಲಿ ದತ್ತಾಂಶ ವಿಶ್ಲೇಷಣೆಗೆಂದೇ ಎನ್‌ಡಬ್ಲ್ಯುಡಿಎಎಫ್ ಎಂಬ ಘಟಕವಿದೆ. ಬೇರೆ ಬೇರೆ ಕಂಪನಿಗಳ ರೇಡಿಯೊ ಉಪಕರಣಗಳನ್ನು ಬೆಸೆಯಬಹುದಾದ ಓ-ರಾನ್ ಎಂಬ ಮುಕ್ತ ವಿನ್ಯಾಸದಲ್ಲಾದರೆ ಒಂದು ಸೆಕೆಂಡಿಗಿಂತ ಹೆಚ್ಚು ಬಿಡುವಿರುವ ನಿರ್ಧಾರಗಳಿಗೆ ಒಂದು ನಿಯಂತ್ರಕ, 10 ಮಿಲಿಸೆಕೆಂಡಿನಿಂದ ಒಂದು ಸೆಕೆಂಡಿನೊಳಗಿನ ನಿರ್ಧಾರಗಳಿಗೆ ಇನ್ನೊಂದು ನಿಯಂತ್ರಕ ಎಂದು ವಿಂಗಡಣೆಯಿದೆ. ಮಳೆಯ ಮುನ್ನಂದಾಜು ನಿಮಿಷಗಳ ಲೆಕ್ಕದ್ದಾದ್ದರಿಂದ ಮೊದಲನೆಯದರಲ್ಲಿ ಕೂರುತ್ತದೆ ಎಂದು ಒಂದು ವಾಕ್ಯ ಬರೆದರೂ ಪರಿಶೀಲಕರಿಗೆ ನಿಮ್ಮ ತಿಳಿವಳಿಕೆ ಗೊತ್ತಾಗುತ್ತದೆ. 6ಜಿಗಾಗಿ 2023ರಲ್ಲಿ ಒಕ್ಕೂಟ ಒಪ್ಪಿದ ಐಎಂಟಿ-2030 ಚೌಕಟ್ಟಿನ ಆರು ಬಳಕೆಯ ಸನ್ನಿವೇಶಗಳಲ್ಲಿ ‘ಕೃತಕ ಬುದ್ಧಿಮತ್ತೆ ಮತ್ತು ಸಂವಹನ’ವೂ ಒಂದು. ನಮ್ಮ ದೇಶದ ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರ 2023ರಲ್ಲಿ ಎಐ ವ್ಯವಸ್ಥೆಗಳ ನಿಷ್ಪಕ್ಷತೆಯನ್ನು ಅಳೆಯುವ ಮಾನಕ ಹೊರಡಿಸಿದೆ; ಪೇಟೆಯ ಟವರುಗಳ ದತ್ತಾಂಶದಲ್ಲಿ ಕಲಿತ ಮಾದರಿ ಹಳ್ಳಿಯ ಟವರಿಗೆ ಅನ್ಯಾಯ ಮಾಡುತ್ತದೆಯೇ ಎಂಬ ಪ್ರಶ್ನೆಯನ್ನು ಅದರ ಆಧಾರದಲ್ಲಿ ಎತ್ತಬಹುದು.

ಹೋಲಿಕೆಗೆ ಒಂದು ಸರಳ ವಿಧಾನವನ್ನು ತಪ್ಪದೆ ಇಟ್ಟುಕೊಳ್ಳಿ. ಹಳೆಯ ಸಂಖ್ಯಾಶಾಸ್ತ್ರದ ಸೂತ್ರವೇ ಅಷ್ಟು ಚೆನ್ನಾಗಿ ಊಹಿಸುವುದಾದರೆ ನರಜಾಲ (ನ್ಯೂರಲ್ ನೆಟ್‌ವರ್ಕ್) ಏಕೆ ಬೇಕು ಎಂದು ಪರಿಶೀಲಕರು ಕೇಳುವ ಮೊದಲು ನೀವೇ ಕೇಳಿ ಉತ್ತರಿಸಿ.

ಆರನೆಯ ಹಂತ: ಖರ್ಚಿನ ಪಟ್ಟಿ

ಜಿಪಿಯು ಸರ್ವರ್ ಕೊಳ್ಳುವ ಆಸೆಯನ್ನು ಬಿಡಿ. ನಮ್ಮ ಮಾದರಿಗಳು ಚಿಕ್ಕವು. ಬೇಕಾದಾಗ ಇಂಡಿಯಾ ಎಐ ದರದಲ್ಲಿ ಗಂಟೆಗೆ ಲೆಕ್ಕ ಹಾಕಿ ತೋರಿಸಿದರೆ ಸಾಕು. ಉಳಿದ ಹಣವನ್ನು ಅಳತೆಯ ಉಪಕರಣ, ಮಳೆನೀರು ಒಳಹೋಗದ ಪೆಟ್ಟಿಗೆ, ಸೌರಫಲಕ, ಬ್ಯಾಟರಿ ಮತ್ತು ಓಡಾಟಕ್ಕೆ ಇಡಿ. ಮಲೆನಾಡಿನ ಜುಲೈನಲ್ಲಿ ಸೌರಫಲಕ ಎಷ್ಟು ವಿದ್ಯುತ್ ಕೊಡುತ್ತದೆಂದು ಇಲ್ಲಿ ಬಾಳಿದವರಿಗೆ ಗೊತ್ತು. ಬ್ಯಾಟರಿಯನ್ನು ಅದಕ್ಕೆ ತಕ್ಕಂತೆ ದೊಡ್ಡದು ಹಾಕಿ. ಕಿರಿಯ ಸಂಶೋಧಕರ (ಜೆಆರ್‌ಎಫ್) ಸಂಭಾವನೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಹಿರಿಯ ಸಂಶೋಧಕರಿಗೆ (ಎಸ್‌ಆರ್‌ಎಫ್) 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಜೆಆರ್‌ಎಫ್‌ಗೆ ನೆಟ್ ಅಥವಾ ಗೇಟ್ ಅರ್ಹತೆ ಕೇಳುತ್ತಾರೆ, ಅಂಥವರು ಹಾಸನದಲ್ಲಿ ನಿಲ್ಲುವುದು ಕಷ್ಟ. ಈ ಕಷ್ಟವನ್ನು ಮುಚ್ಚಿಡದೆ, ಅರ್ಹರು ಸಿಗದಿದ್ದರೆ ಯೋಜನಾ ಸಹಾಯಕರನ್ನು ನೇಮಿಸುವ ಅವಕಾಶ ಆ ಯೋಜನೆಯ ನಿಯಮದಲ್ಲಿದೆಯೇ ಎಂದು ಅರ್ಜಿಗೆ ಮೊದಲೇ ನೋಡಿಕೊಳ್ಳಿ.

ಏಳನೆಯ ಹಂತ: ಕಾಲೇಜಿನ ಕಾಗದಪತ್ರ

ಒಳ್ಳೆಯ ವಿಜ್ಞಾನವೂ ಸೋಲುವುದು ಇಲ್ಲಿ. ಟ್ರಸ್ಟ್ ಅಥವಾ ಸೊಸೈಟಿ ನಡೆಸುವ ಕಾಲೇಜಾದರೆ ಸ್ವಯಂಸೇವಾ ಸಂಸ್ಥೆಗಳ ಸರ್ಕಾರಿ ಪೋರ್ಟಲ್ ಎನ್‌ಜಿಒ ದರ್ಪಣ್‌ನ ನೋಂದಣಿ ಸಂಖ್ಯೆ, ಸರ್ಕಾರಿ ಹಣದ ಜಾಡು ಇಡುವ ಪಿಎಫ್‌ಎಂಎಸ್ ವ್ಯವಸ್ಥೆಯ ನೋಂದಣಿ, ಹಿಂದಿನ ವರ್ಷಗಳ ಲೆಕ್ಕಪರಿಶೋಧನಾ ವರದಿ, ಪ್ರಾಂಶುಪಾಲರ ಅನುಮೋದನಾ ಪತ್ರ ಇವನ್ನೆಲ್ಲ ಆಹ್ವಾನ ಬರುವ ಮೊದಲೇ ಒಂದು ಕಡತದಲ್ಲಿ ಸಿದ್ಧವಿಟ್ಟುಕೊಳ್ಳಬೇಕು. ಆಹ್ವಾನ ತೆರೆದಿರುವುದು ಕೆಲವೇ ವಾರ. ಆಡಳಿತ ಮಂಡಳಿಯ ಸಭೆ ಅಷ್ಟರೊಳಗೆ ಸೇರಬೇಕೆಂದೇನಿಲ್ಲ. ಕಾಲೇಜಿನ ಲೆಕ್ಕಪತ್ರ ವಿಭಾಗದವರನ್ನು ಮೊದಲ ದಿನದಿಂದಲೇ ಜೊತೆಗೆ ಕೂರಿಸಿಕೊಳ್ಳಿ, ಏಕೆಂದರೆ ಮುಂದೆ ಯೋಜನೆ ನಡೆಯುವುದು ಅವರ ಸಹಕಾರದಿಂದ. ಹಣ ಬಂದ ಮೇಲೆ ಪ್ರತಿ ಆರ್ಥಿಕ ವರ್ಷದ ಕೊನೆಗೆ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರವನ್ನೂ ಖರ್ಚಿನ ವಿವರವನ್ನೂ ಸಲ್ಲಿಸಬೇಕು. ಅದಿಲ್ಲದೆ ಮುಂದಿನ ಕಂತು ಬರುವುದಿಲ್ಲ. ಅನುದಾನದ ಮೇಲೆ ಬಂದ ಬಡ್ಡಿ ಕಾಲೇಜಿನದಲ್ಲ, ಅದನ್ನು ಸರ್ಕಾರಕ್ಕೆ ಹಣ ಕಟ್ಟುವ ಪೋರ್ಟಲ್ ಆದ ಭಾರತ್‌ಕೋಶ್ ಮೂಲಕ ಸರ್ಕಾರಕ್ಕೆ ಹಿಂದಿರುಗಿಸಬೇಕು.

ಎಂಟನೆಯ ಹಂತ: ವೇಳಾಪಟ್ಟಿಯನ್ನು ಮಳೆಗೆ ಹೊಂದಿಸಿ

ಮೂರು ವರ್ಷದ ಯೋಜನೆಯೆಂದರೆ ನಮಗೆ ಮೂರು ಮಳೆಗಾಲ. ಮಂಜೂರಾತಿ ಪತ್ರ ಜುಲೈನಲ್ಲಿ ಬಂದು, ಕೊಟೇಶನ್ ತರಿಸಿ, ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ಖರೀದಿಸಿ, ಉಪಕರಣ ನವೆಂಬರಿನಲ್ಲಿ ಕೈಸೇರಿದರೆ ಒಂದು ಮಳೆಗಾಲ ಆಗಲೇ ಹೋಗಿರುತ್ತದೆ. ಆದ್ದರಿಂದ ಮೈಲಿಗಲ್ಲುಗಳನ್ನು ಬರೆಯುವಾಗ ‘ಮೊದಲ ಆರು ತಿಂಗಳು, ಎರಡನೆಯ ಆರು ತಿಂಗಳು’ ಎಂದು ಮಾತ್ರ ಬರೆಯದೆ, ಮೊದಲ ಮುಂಗಾರಿಗೆ ಮುನ್ನ ಅಳವಡಿಕೆ, ಮೊದಲ ಮುಂಗಾರಿನಲ್ಲಿ ದಾಖಲೆ, ಎರಡನೆಯದರಲ್ಲಿ ಮಾದರಿಯ ನೇರ ಪರೀಕ್ಷೆ, ಮೂರನೆಯದರಲ್ಲಿ ಬಳಕೆದಾರರ ಕೈಗೆ ಎಂದು ಋತುವಿನ ಲೆಕ್ಕದಲ್ಲೂ ಕಾಣಿಸಿ. ಹಣ ತಡವಾದರೆ ಮೊದಲ ಮಳೆಗಾಲವನ್ನು ಹಳೆಯ ಫೋನುಗಳಲ್ಲೇ ದಾಖಲಿಸುತ್ತೇವೆ ಎಂಬ ಪರ್ಯಾಯವನ್ನೂ ಸೇರಿಸಿ. ಏಪ್ರಿಲ್‌ನಲ್ಲಿ ಕಾಫಿ ಹೂವರಳಿಸುವ ಹೂಮಳೆಯಾದ ಮೇಲೆ ತೋಟಗಳಲ್ಲಿ ಓಡಾಡುವುದು ಸುಲಭ, ಮಾಲೀಕರೂ ಊರಿನಲ್ಲೇ ಇರುತ್ತಾರೆ. ನೋಡ್‌ಗಳನ್ನು ಕಟ್ಟಿ, ಪೆಟ್ಟಿಗೆಗಳಿಗೆ ಮೇಣ ಹಚ್ಚಿ, ಒಮ್ಮೆ ಬಕೆಟ್ ನೀರು ಸುರಿದು ಪರೀಕ್ಷಿಸುವ ಕೆಲಸವನ್ನು ಮೇ ಮೂರನೆಯ ವಾರದೊಳಗೆ ಮುಗಿಸಿಬಿಡಿ.